ಮದುವೆ ಮಂಚದಲ್ಲಿ ಐದು ಬಾವಲಿ

ಚೀನಾದ ಜೆಜಿಯಾಂಗ್ ಪ್ರಾಂತ್ಯದಲ್ಲಿ, ನಿಂಗ್ಬೊ ಊರಿನ ಸುತ್ತಮುತ್ತ, ಹಿಂದಿನ ಸಿರಿವಂತರು ಮದುವೆಗೆಂದು ಮಾಡಿಸುತ್ತಿದ್ದ ಮಂಚಕ್ಕೆ 'ಸಾವಿರ ಆಳಿನ ಮಂಚ' ಎಂದೇ ಹೆಸರು. ಒಬ್ಬನೇ ಬಡಗಿ ಕೂತರೆ ಸಾವಿರ ದಿನ ಹಿಡಿಯುವಷ್ಟು ಕೆಲಸ ಅದರಲ್ಲಿದೆ ಎಂಬ ಲೆಕ್ಕ. ಮಂಚ ಎನ್ನುವುದಕ್ಕಿಂತ ಕೋಣೆಯೊಳಗಿನ ಕೋಣೆ ಎನ್ನಬೇಕು. ಅದಕ್ಕೆ ಕಂಬಗಳಿವೆ, ಮೇಲೊಂದು ಮಾಡು ಇದೆ, ಮುಂದೆ ಪುಟ್ಟ ಪಡಸಾಲೆಯೂ ಇದೆ. ಆ ಪಡಸಾಲೆಯಲ್ಲಿ ಅಲಂಕಾರದ ಮೇಜು, ಸ್ಟೂಲು ಇಡುವಷ್ಟು ಜಾಗ. ಕೆತ್ತಿದ ಹಲಗೆಗಳಿಗೆಲ್ಲ ಕೆಂಪು ಮೆರುಗೆಣ್ಣೆ, ಅದರ ಮೇಲೆ ಚಿನ್ನದ ರೇಕು.

ಆ ಹಲಗೆಗಳಲ್ಲಿ ಬಾವಲಿಗಳು ಹಾರುತ್ತವೆ! ಬಾವಲಿ ಮನೆ ಹೊಕ್ಕರೆ ಅಪಶಕುನ ಎನ್ನುವ ನಮಗೆ ಇದು ವಿಚಿತ್ರ. ಚೀನೀ ಭಾಷೆಯಲ್ಲಿ ಬಾವಲಿಗೂ ಭಾಗ್ಯಕ್ಕೂ 'ಫು' ಎಂಬ ಒಂದೇ ಉಚ್ಚಾರ. ಐದು ಬಾವಲಿ ಎಂದರೆ ಐದು ಭಾಗ್ಯ: ಆಯುಷ್ಯ, ಸಿರಿ, ಆರೋಗ್ಯ, ಧರ್ಮದಲ್ಲಿ ಪ್ರೀತಿ, ಕೊನೆಗೆ ನೆಮ್ಮದಿಯ ಸಾವು. ನವದಂಪತಿಯ ಹಾಸಿಗೆಯ ಬಳಿಯೇ ಅನಾಯಾಸ ಮರಣದ ಹಾರೈಕೆ! ಬದುಕನ್ನು ಇಡಿಯಾಗಿ ನೋಡಬಲ್ಲವರು ಮಾತ್ರ ಹೀಗೆ ಹರಸಿಯಾರು. ಬೀಜ ತುಂಬಿದ ದಾಳಿಂಬೆ ಸಂತಾನಕ್ಕೆ, ಪೀಚ್ ಹಣ್ಣು ದೀರ್ಘಾಯುಷ್ಯಕ್ಕೆ, ಪಿಯೋನಿ ಹೂವು ಐಶ್ವರ್ಯಕ್ಕೆ. ಓದು ಬಾರದವರಿಗೂ ಈ ಚಿತ್ರಗಳು ಅರ್ಥವಾಗುತ್ತಿದ್ದವು.

ಕೆತ್ತನೆಯೇ ಎಲ್ಲವೂ ಅಲ್ಲ. ಒಂದು ತುಂಡಿನ ತುದಿ ಇನ್ನೊಂದರ ಕುಳಿಯಲ್ಲಿ ಬಿಗಿಯಾಗಿ ಕೂರುವ ಕಚ್ಚಿನ ಕೆಲಸ ಇದರ ಜೀವಾಳ. ಒಳ್ಳೆಯ ಬಡಗಿ ಮೊಳೆಗೆ ಕೈ ಹಾಕುತ್ತಿರಲಿಲ್ಲ. ಅಗಲದ ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಸಡಿಲವಾಗಿ ತೂರಿಸುತ್ತಿದ್ದರು. ಮಳೆಗಾಲಕ್ಕೆ ಹಿಗ್ಗಿ, ಚಳಿಗೆ ಕುಗ್ಗಿದರೂ ಅದು ಸೀಳುವುದಿಲ್ಲ. ಈ ಕಚ್ಚಿನ ಕೆಲಸದ ಸೊಗಸು ಪೂರ್ತಿಯಾಗಿ ಕಾಣುವುದು ಮಿಂಗ್ ಅರಸರ ಕಾಲದ ಕುರ್ಚಿಗಳಲ್ಲಿ. ಆ ಕಾಲದಲ್ಲೇ, 1567ರಲ್ಲಿ, ಕಡಲ ವ್ಯಾಪಾರದ ನಿಷೇಧ ಸಡಿಲವಾದ ಮೇಲೆ ಆಗ್ನೇಯ ಏಷ್ಯಾದ ಗಟ್ಟಿಮರ ಹೇರಳವಾಗಿ ಬರತೊಡಗಿತು. ಆ ಕುರ್ಚಿಗಳ ಬಾಗಿದ ಬೆನ್ನೊರಗಿಗೆ ಅಂಗೈಯಗಲದ ಒಂದೇ ಕೆತ್ತನೆ, ಉಳಿದದ್ದೆಲ್ಲ ಮರದ ನರಗಳ ಚೆಲುವು. ಮುಂದೆ ಬಂದ ಚಿಂಗ್ ವಂಶದ ದೊರೆ ಚಿಯಾನ್‌ಲಾಂಗ್ ಕಾಲಕ್ಕೆ ಬಂದರೆ ಬೆರಳಿಡಲೂ ಜಾಗವಿಲ್ಲದಂತೆ ಕೆತ್ತನೆ ತುಂಬಿತು. ಕೈಚಳಕ ಹೆಚ್ಚಿತು ನಿಜ, ಆದರೆ ನನ್ನ ಮನಸ್ಸು ಮಿಂಗ್ ಕುರ್ಚಿಯ ಕಡೆಗೇ.

ಚಿಂಗ್ ಅರಮನೆಯ ಪೀಠೋಪಕರಣಗಳಿಗೆ ಅತಿ ಪ್ರಿಯವಾದ ಮರ 'ಜಿತಾನ್'. ಅದನ್ನು ನಮ್ಮ ನೆರೆಯ ರಾಯಲಸೀಮೆಯ ಬೆಟ್ಟಗಳಲ್ಲಿ ಬೆಳೆಯುವ ರಕ್ತಚಂದನವೆಂದೇ ಸಾಮಾನ್ಯವಾಗಿ ಗುರುತಿಸುತ್ತಾರೆ. ಬೀಜಿಂಗ್‌ನಲ್ಲಿ 1999ರಲ್ಲಿ ಈ ಮರಕ್ಕಾಗಿಯೇ ಒಂದು ಮ್ಯೂಸಿಯಂ ತೆರೆದಿದೆ. ಅದೇ ಮೋಹ ಇಂದು ಆಂಧ್ರದ ಕಾಡಿಗೆ ಕೊಡಲಿಯಾಗಿದೆ; ಕಳ್ಳಸಾಗಣೆಯ ದಿಮ್ಮಿಗಳು ಕರ್ನಾಟಕದಲ್ಲೂ ಸಿಕ್ಕಿಬೀಳುತ್ತಿವೆ. ಜಾಗತಿಕ ಅಳಿವಿನಂಚಿನ ಪಟ್ಟಿಯಲ್ಲಿರುವ ಮರವಿದು. ಚೀನೀ ಕೆತ್ತನೆಯನ್ನು ಮೆಚ್ಚಿ ಕೊಳ್ಳುವವರು ಮರ ಯಾವುದು, ಎಲ್ಲಿಂದ ಬಂತು ಎಂದು ಮೊದಲು ಕೇಳಿ. ದಾಖಲೆ ತೋರಿಸದ ಅಂಗಡಿಯಿಂದ ಬರಿಗೈಯಲ್ಲಿ ಹೊರಬನ್ನಿ.