ನಿಮಗಿದು ಗೊತ್ತೇ? ಒಳಗೆ ಗುಲಾಬಿ, ಹೊರಗೆ ಕಪ್ಪು!

ಕೊಪ್ಪ ತಾಲ್ಲೂಕಿನ ಕಮ್ಮರಡಿ ಸುತ್ತಮುತ್ತ ರಸ್ತೆಗಾಗಿ ದರೆ ಕಡಿದ ಜಾಗದಲ್ಲಿ ನಿಂತು ನೋಡಿ. ಕೆಂಪು ಜಂಬಿಟ್ಟಿಗೆಯ ನಡುವೆ ಕಪ್ಪು ಕಲೆ, ಕಪ್ಪು ಗೆರೆ ಕಂಡರೆ ಅದು ಬಹುಮಟ್ಟಿಗೆ ಮ್ಯಾಂಗನೀಸ್ ಆಕ್ಸೈಡ್. ಇದೇ ಮ್ಯಾಂಗನೀಸ್ ಗಾಳಿ, ಮಳೆ ತಾಗದ ಆಳದಲ್ಲಿ ಸಿಲಿಕಾದ ಜೊತೆ ಕೂಡಿದರೆ ಗುಲಾಬಿ ಬಣ್ಣದ ಖನಿಜವಾಗುತ್ತದೆ. ಅದರ ಹೆಸರು ರೋಡೋನೈಟ್. ಮಲೆನಾಡಿನ ತೋಟ, ಬಾವಿ, ಟಾರ್ಚುಗಳವರೆಗೂ ಇದರ ನೆಂಟಸ್ತಿಕೆ ಹಬ್ಬಿದೆ.

ಹುಟ್ಟು, ಬಣ್ಣ, ಕಟ್ಟಡ

● ರೋಡೋನೈಟ್‌ಗೆ ಆ ಹೆಸರು ಬಂದದ್ದು 1819ರಲ್ಲಿ. ಇಟ್ಟವರು ಜರ್ಮನಿಯ ಖನಿಜತಜ್ಞ ಯಾಶೆ. ಅದಕ್ಕಿಂತ 45 ವರ್ಷ ಮೊದಲು, 1774ರಲ್ಲಿ, ಸ್ವೀಡನ್ನಿನ ಗಾನ್ ಮ್ಯಾಂಗನೀಸ್ ಲೋಹವನ್ನು ಅದರ ಕಪ್ಪು ಅದಿರಿನಿಂದ ಬೇರ್ಪಡಿಸಿದ್ದ. ಅಂದರೆ ಲೋಹ ಮೊದಲು ಸಿಕ್ಕಿದ್ದು ಕಪ್ಪು ಕಲ್ಲಿನಿಂದ, ಗುಲಾಬಿಯಿಂದಲ್ಲ.

● ಇದರ ಸರಳ ಸೂತ್ರ ಒಂದು ಮ್ಯಾಂಗನೀಸ್, ಒಂದು ಸಿಲಿಕಾನ್, ಮೂರು ಆಕ್ಸಿಜನ್. ಪಠ್ಯಪುಸ್ತಕಗಳಲ್ಲಿ ಹೀಗೇ ಇರುತ್ತದೆ. ಆದರೆ 2019ರಲ್ಲಿ ಖನಿಜತಜ್ಞರು ಲೆಕ್ಕ ಬಿಗಿ ಮಾಡಿದರು. ಈಗ ರೋಡೋನೈಟ್ ಅನ್ನಿಸಿಕೊಳ್ಳಬೇಕಾದರೆ ನಾಲ್ಕು ಮ್ಯಾಂಗನೀಸ್ ಪರಮಾಣುಗಳಿಗೆ ಒಂದು ಕ್ಯಾಲ್ಸಿಯಂ ಜೊತೆಯಲ್ಲಿರಬೇಕು. ಕ್ಯಾಲ್ಸಿಯಂ ಜಾಗದಲ್ಲೂ ಮ್ಯಾಂಗನೀಸೇ ಕೂತಿದ್ದರೆ ಅದು ವಿಟ್ಟಿಂಕಿಯೈಟ್ ಎಂಬ ಬೇರೆ ಖನಿಜ.

● ಗುಲಾಬಿ ಬಣ್ಣ ಎಲ್ಲಿಂದ ಬಂತು? ಎರಡು ಎಲೆಕ್ಟ್ರಾನ್ ಕಳೆದುಕೊಂಡ ಮ್ಯಾಂಗನೀಸಿನಿಂದ. ಅದರ ಹೊರಗಿನ ಐದು ಎಲೆಕ್ಟ್ರಾನುಗಳು ಐದು ಮನೆಗಳಲ್ಲಿ ಒಂದೊಂದಾಗಿ ಕೂತಿರುತ್ತವೆ. ಬೆಳಕು ಹೀರಿ ಮೇಲಕ್ಕೆ ನೆಗೆಯಬೇಕಾದರೆ ಒಂದು ಎಲೆಕ್ಟ್ರಾನ್ ತನ್ನ ಸ್ಪಿನ್ ತಿರುಗಿಸಬೇಕು. ಕ್ವಾಂಟಂ ನಿಯಮ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಹಾಗಾಗಿ ಹೀರುವಿಕೆ ಕಡಿಮೆ, ಬಣ್ಣ ತೆಳು. ಕಲ್ಲು ಕಡುಗೆಂಪಾಗಿ ಕಾಣಬೇಕಾದರೆ ಅದರಲ್ಲಿ ಮ್ಯಾಂಗನೀಸ್ ಧಾರಾಳವಾಗಿ ತುಂಬಿರಬೇಕು.

● ಅಂಗಡಿಯಲ್ಲಿ ಸಿಗುವ ಮ್ಯಾಂಗನೀಸ್ ಸಲ್ಫೇಟ್ ಗೊಬ್ಬರ ಶುದ್ಧವಾಗಿದ್ದರೆ ಮಾಸಲು ಗುಲಾಬಿ. ಕಾರಣ ಇದೇ, ಮ್ಯಾಂಗನೀಸಿನ ಸ್ಥಿತಿಯೂ ಇದೇ. ಬಾವಿಗೆ ಹಾಕುವ ಪೊಟ್ಯಾಸಿಯಂ ಪರ್ಮಾಂಗನೇಟ್ ಕಡು ನೇರಳೆ. ಅದರಲ್ಲಿ ಮ್ಯಾಂಗನೀಸ್ ಏಳು ಎಲೆಕ್ಟ್ರಾನುಗಳ ಹಕ್ಕು ಬಿಟ್ಟುಕೊಟ್ಟಿರುತ್ತದೆ. ಟಾರ್ಚಿನ ಸೆಲ್ ಒಡೆದರೆ ಕಾಣುವ ಕಪ್ಪು ಪುಡಿಯಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಇದೆ. ಅಲ್ಲಿ ಕಳೆದುಕೊಂಡದ್ದು ನಾಲ್ಕು. ಮೂಲವಸ್ತು ಒಂದೇ, ಬಣ್ಣ ಮೂರು.

● ರೋಡೋನೈಟ್ ಹುಟ್ಟುವ ಮುಖ್ಯ ದಾರಿ ಹೀಗಿದೆ. ಆಕ್ಸಿಜನ್ ಕಡಿಮೆಯಿರುವ ನೀರಿನಲ್ಲಿ ಮ್ಯಾಂಗನೀಸ್ ಕರಗಿಯೇ ಇರುತ್ತದೆ. ಆಕ್ಸಿಜನ್ ಸಿಕ್ಕ ಕಡೆ ಗಟ್ಟಿಯಾಗಿ ಸಮುದ್ರತಳಕ್ಕೆ ಇಳಿಯುತ್ತದೆ. ಮಣ್ಣು, ಮರಳು, ಸಿಲಿಕಾ ಕೆಸರಿನೊಂದಿಗೆ ಪದರಪದರವಾಗಿ ಹೂತುಹೋಗುತ್ತದೆ. ಮುಂದೆ ಭೂಚಿಪ್ಪು ಮಡಚಿಕೊಂಡಾಗ ಆ ಪದರಗಳು ಕಿಲೋಮೀಟರುಗಟ್ಟಲೆ ಆಳಕ್ಕೆ ಜಾರಿ, ನೂರಾರು ಡಿಗ್ರಿ ಶಾಖದಲ್ಲಿ, ಒತ್ತಡದಲ್ಲಿ ಬೇಯುತ್ತವೆ. ಕೆಸರಿನಲ್ಲಿ ಹೂತ ಮೇಲೆ ಕಾರ್ಬೊನೇಟ್ ಆಗಿ ಬದಲಾದ ಮ್ಯಾಂಗನೀಸ್ ಸಿಲಿಕಾದೊಂದಿಗೆ ಕೂಡಿ ರೋಡೋನೈಟ್ ಆಗುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

● ಅದೇ ಕೆಸರಿನಲ್ಲಿ ಜೇಡಿ ಹೆಚ್ಚಿದ್ದರೆ ಫಲ ಬೇರೆ. ಜೇಡಿಯಲ್ಲಿರುವ ಅಲ್ಯೂಮಿನಿಯಂ ಮ್ಯಾಂಗನೀಸನ್ನು ಸೆಳೆದುಕೊಂಡು ಸ್ಪೆಸಾರ್ಟೀನ್ ಎಂಬ ಕಿತ್ತಳೆಗೆಂಪು ಗಾರ್ನೆಟ್ ಆಗುತ್ತದೆ. ಅಲ್ಯೂಮಿನಿಯಂ ಸಾಲದ ಕಡೆಯಷ್ಟೇ ರೋಡೋನೈಟ್‌ಗೆ ಅವಕಾಶ. ಇವೆರಡು ಅಕ್ಕಪಕ್ಕ ಕಂಡರೆ ಮೂಲ ಕೆಸರು ಎಂಥದ್ದಿತ್ತು ಎಂದು ಭೂವಿಜ್ಞಾನಿ ಊಹಿಸಬಲ್ಲ.

● ಎರಡನೆಯ ದಾರಿಯೂ ಉಂಟು. ಕರಗಿದ ಶಿಲಾಪಾಕ ಸುಣ್ಣಕಲ್ಲಿಗೆ ನುಗ್ಗಿದ ಕಡೆ, ಬಿಸಿನೀರು ಬಿರುಕುಗಳಲ್ಲಿ ಹರಿದ ಕಡೆ ಸತು, ಸೀಸದ ಅದಿರಿನ ಜೊತೆಗೇ ರೋಡೋನೈಟ್ ಬೆಳೆಯುತ್ತದೆ.

● ಒಳಗಿನ ಕಟ್ಟಡ ಇನ್ನೂ ಸೊಗಸು. ಸಿಲಿಕಾನ್–ಆಕ್ಸಿಜನ್ ಘಟಕಗಳು ಇಲ್ಲಿ ಉದ್ದುದ್ದ ಸರಪಳಿಯಾಗಿ ಜೋಡಣೆಯಾಗಿವೆ. ಐದು ಮಲ್ಲಿಗೆಗೊಮ್ಮೆ ಒಂದು ದವನದ ಎಸಳು ಸೇರಿಸಿ ಕಟ್ಟಿದ ಮಾಲೆಯಂತೆ, ಪ್ರತಿ ಐದು ಘಟಕಕ್ಕೊಮ್ಮೆ ವಿನ್ಯಾಸ ಮರುಕಳಿಸುತ್ತದೆ. ಮೂರಕ್ಕೊಮ್ಮೆ ಮರುಕಳಿಸಿದರೆ ಅದು ಬಿಳಿಯ ವೊಲಾಸ್ಟೊನೈಟ್. ಏಳಕ್ಕೊಮ್ಮೆಯಾದರೆ ಪೈರಾಕ್ಸ್‌ಮ್ಯಾಂಗೈಟ್. ಅದೂ ಗುಲಾಬಿಯೇ! ಬರಿಗಣ್ಣಿಗೆ ರೋಡೋನೈಟ್‌ನಿಂದ ಬೇರೆ ಅನ್ನಿಸುವುದಿಲ್ಲ. ಬೇರ್ಪಡಿಸಲು ಎಕ್ಸ್‌ರೇ ಬೇಕು.

ನಮ್ಮ ನೆಲದಲ್ಲಿ

● ಭಾರತದ ಮ್ಯಾಂಗನೀಸಿನ ಮಹಾಗ್ರಂಥ ಪ್ರಕಟವಾದದ್ದು 1909ರಲ್ಲಿ. ಬರೆದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಲೂಯಿಸ್ ಲೀ ಫರ್ಮರ್. ಸಾವಿರ ಪುಟ ದಾಟುವ ಆ ಪುಸ್ತಕದಲ್ಲಿ ಮೈಸೂರು ಸಂಸ್ಥಾನದ ಶಿವಮೊಗ್ಗ ಸೀಮೆಯ ಗಣಿಗಳೂ ಇವೆ, ಸಂಡೂರೂ ಇದೆ.

● ಸ್ಪೆಸಾರ್ಟೀನ್, ಬೆಣಚುಕಲ್ಲು ಕೂಡಿದ, ಹಲವೆಡೆ ರೋಡೋನೈಟೂ ಇರುವ ಶಿಲೆಗೆ ಫರ್ಮರ್ ಇಟ್ಟ ಹೆಸರು ಗೊಂಡೈಟ್. ಮಧ್ಯಭಾರತದ ಗೊಂಡರ ಹೆಸರನ್ನು ಜಗತ್ತಿನ ಭೂವಿಜ್ಞಾನದ ಪುಸ್ತಕಗಳೆಲ್ಲ ಹೀಗೆ ಹೊತ್ತಿವೆ. ಬಾಲಾಘಾಟ್, ಛಿಂದ್ವಾಡ, ನಾಗಪುರ, ಭಂಡಾರ ಜಿಲ್ಲೆಗಳಲ್ಲಿ ಈ ಶಿಲೆ ಹಬ್ಬಿದೆ. ಭಾರತದಲ್ಲಿ ರೋಡೋನೈಟ್ ಎಂದರೆ ಮೊದಲು ನೆನಪಾಗುವುದು ಈ ಪಟ್ಟಿಯೇ.

● ಹಾಲಂಡೈಟ್ ಎಂಬ ಇನ್ನೊಂದು ಮ್ಯಾಂಗನೀಸ್ ಖನಿಜ ಜಗತ್ತಿಗೆ ಮೊದಲು ಪರಿಚಯವಾದದ್ದು ಮಧ್ಯಪ್ರದೇಶದ ಕಾಜ್ಲಿಡೋಂಗ್ರಿ ಗಣಿಯಿಂದ. ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಟಿ.ಎಚ್. ಹಾಲಂಡ್ ಅವರ ಹೆಸರು ಅದಕ್ಕೆ.

● ಕರ್ನಾಟಕದಲ್ಲಿ ಗಣಿಗಾರರು ತೆಗೆಯುವ ಮ್ಯಾಂಗನೀಸ್ ಮಾತ್ರ ಕಪ್ಪು. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ಕುಂಸಿ, ಬಳ್ಳಾರಿ ಸೀಮೆಯ ಸಂಡೂರು, ತುಮಕೂರಿನ ಚಿಕ್ಕನಾಯಕನಹಳ್ಳಿ, ಉತ್ತರ ಕನ್ನಡದ ಕಾಡುಗಳು – ಎಲ್ಲ ಕಡೆಯೂ ಮುಖ್ಯವಾಗಿ ಆಕ್ಸೈಡ್ ಅದಿರು. ಸಂಡೂರಿನಲ್ಲಿ 250 ಕೋಟಿ ವರ್ಷಕ್ಕೂ ಹಳೆಯ ಮ್ಯಾಂಗನೀಸ್ ಶಿಲೆಗಳು ಮೇಲ್ಮೈಯಲ್ಲಿ ಕೊಳೆತು ಅದಿರಾಗಿವೆ. ಅಲ್ಲಿನ ಸಂಡೂರು ಮ್ಯಾಂಗನೀಸ್ ಕಂಪನಿ ಶುರುವಾದದ್ದು 1954ರಲ್ಲಿ.

● ಮಳೆನಾಡಿನಲ್ಲಿ ಗುಲಾಬಿ ಕಲ್ಲು ಮೇಲ್ಗಡೆ ಉಳಿಯುವುದು ಕಷ್ಟ. ನೆರೆಯ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿಲಿಮೀಟರ್ ಮೀರುತ್ತದೆ. ಇಂಥ ಮಳೆ, ಅದರ ಹಿಂದೆಯೇ ಬರುವ ಬಿಸಿಲು, ಎರಡೂ ಸೇರಿ ಕಲ್ಲಿನ ಸಿಲಿಕಾವನ್ನು ಕರಗಿಸಿ ತೊಳೆದೊಯ್ಯುತ್ತವೆ. ಉಳಿದ ಕಬ್ಬಿಣ ಕೆಂಪಾಗಿ ಜಂಬಿಟ್ಟಿಗೆ ಕಟ್ಟುತ್ತದೆ, ಉಳಿದ ಮ್ಯಾಂಗನೀಸ್ ಗಾಳಿಯ ಆಕ್ಸಿಜನ್ ಹಿಡಿದು ಕಪ್ಪಾಗುತ್ತದೆ. ರೋಡೋನೈಟ್‌ನಲ್ಲಿ ಕಾಣುವ ಕರಿಗೆರೆಗಳೂ ಇದೇ ಕೆಲಸದ ಗುರುತು: ಬಿರುಕಿನಲ್ಲಿ ನೀರು ಇಳಿದಷ್ಟು ದೂರ ಗುಲಾಬಿ ಹೋಗಿ ಕಪ್ಪು ಬಂದಿರುತ್ತದೆ.

● ಗಣಿಗಾರನಿಗೆ ಗುಲಾಬಿಗಿಂತ ಕಪ್ಪೇ ಪ್ರೀತಿ. ಶುದ್ಧ ಮ್ಯಾಂಗನೀಸ್ ಸಿಲಿಕೇಟಿನಲ್ಲಿ ಲೋಹದ ಪಾಲು ಸುಮಾರು ಶೇಕಡ 42, ಡೈಆಕ್ಸೈಡಿನಲ್ಲಿ ಶೇಕಡ 63. ಮೇಲಾಗಿ ಸಿಲಿಕಾವನ್ನು ಕುಲುಮೆಯಲ್ಲಿ ಬೇರ್ಪಡಿಸಲು ಇಂಧನ ಸುಡಬೇಕು. ಮಳೆ ಆ ಸಿಲಿಕಾವನ್ನು ಬಿಟ್ಟಿಯಾಗಿ ತೆಗೆದುಕೊಟ್ಟಿರುತ್ತದೆ! ಗುಲಾಬಿಯ ಅಂದ ಕೆಟ್ಟ ಮೇಲೆಯೇ ಅದಿರಿಗೆ ಬೆಲೆ.

● ಕಲ್ಲಿನ ಬಿರುಕು ಒಡೆದಾಗ ಜರಿಗಿಡದ ಎಲೆಯ ಆಕಾರದ ಕಪ್ಪು ಚಿತ್ರ ಕಂಡು ‘ಪಳೆಯುಳಿಕೆ’ ಅಂದುಕೊಂಡಿದ್ದೀರಾ? ಬಹಳ ಸಲ ಅದು ಗಿಡವೇ ಅಲ್ಲ. ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್ ತಾನಾಗಿಯೇ ಕವಲೊಡೆದು ಹಾಗೆ ಹರಡಿಕೊಳ್ಳುತ್ತದೆ.

ತೋಟ, ಬಾವಿ, ಗಣಿ

● ಅಡಿಕೆ ಮರದ ಸೋಗೆಯಾಗಲಿ, ಗದ್ದೆಯ ಭತ್ತವಾಗಲಿ, ನೀರನ್ನು ಸೀಳಿ ಆಕ್ಸಿಜನ್ ಬಿಡುವ ಕೆಲಸ ಎಲೆಯೊಳಗಿನ ಒಂದು ಪುಟ್ಟ ಗೊಂಚಲಿನದು. ಅದರಲ್ಲಿರುವುದು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ. ರೋಡೋನೈಟ್‌ನ ಲೆಕ್ಕವೂ ಅದೇ, ನಾಲ್ಕಕ್ಕೆ ಒಂದು! ಇದು ಕಾಕತಾಳೀಯ, ಜೋಡಣೆ ಬೇರೆ ಬೇರೆ. ಎಲೆಯ ಗೊಂಚಲಿನ ಪರಮಾಣುಗಳನ್ನು ಒಂದೊಂದಾಗಿ ಗುರುತಿಸಿ ತೋರಿಸಿದವರು ಜಪಾನಿನ ವಿಜ್ಞಾನಿಗಳು, 2011ರಲ್ಲಿ.

● ಹುಳಿ ಮಣ್ಣಿನಲ್ಲಿ ಮ್ಯಾಂಗನೀಸ್ ಸುಲಭವಾಗಿ ಕರಗಿ ಬೇರಿಗೆ ಸಿಗುತ್ತದೆ. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಗಟ್ಟಿಯಾಗಿ ಬಂಧಿಯಾಗುತ್ತದೆ. ಮಲೆನಾಡಿನ ಮಣ್ಣು ಸಾಮಾನ್ಯವಾಗಿ ಹುಳಿ. ಆದ್ದರಿಂದ ಯಾರೋ ಹೇಳಿದರೆಂದು ಮ್ಯಾಂಗನೀಸ್ ಗೊಬ್ಬರ ಸುರಿಯುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವುದೇ ಜಾಣತನ. ಅತಿ ಹುಳಿ ಮಣ್ಣಿನಲ್ಲಿ ಮ್ಯಾಂಗನೀಸ್ ಹೆಚ್ಚಾಗಿಯೂ ಗಿಡ ಸೊರಗುವುದುಂಟು.

● ಬೋರ್‌ವೆಲ್ ನೀರು ತುಂಬಿಟ್ಟ ಬಿಂದಿಗೆಯ ತಳದಲ್ಲಿ, ಬಿಳಿ ಬಟ್ಟೆಯಲ್ಲಿ ಕಪ್ಪು ಕಲೆ ಕೂರುತ್ತಿದ್ದರೆ ಮ್ಯಾಂಗನೀಸಿನ ಮೇಲೂ ಅನುಮಾನ ಇಡಬಹುದು. ಆಳದ ನೀರಿನಲ್ಲಿ ಬಣ್ಣವಿಲ್ಲದೆ ಕರಗಿದ್ದದ್ದು ಗಾಳಿ ಸೋಕಿದಾಗ ಕಪ್ಪಾಗಿ ತಳಕ್ಕಿಳಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 0.3ರವರೆಗೆ.

● ದೇಹಕ್ಕೆ ಮ್ಯಾಂಗನೀಸ್ ಚಿಟಿಕೆಯಷ್ಟು ಬೇಕು. ಆದರೆ ಅದರ ದೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ನಡಿಗೆ ತೊಡಕಾಗಿ, ಮುಖಭಾವ ಮರಗಟ್ಟಿ, ಪಾರ್ಕಿನ್ಸನ್ ರೋಗವನ್ನು ಹೋಲುವ ಕಾಯಿಲೆ ಬರಬಹುದು. ಇದನ್ನು 1837ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಜಾನ್ ಕೂಪರ್ ದಾಖಲಿಸಿದ್ದ.

● ಮ್ಯಾಂಗನೀಸ್ ಕಡಲಿನ ತಳದಲ್ಲಿ ಇಂದಿಗೂ ಕೂಡುತ್ತಿದೆ. ಹಿಂದೂ ಮಹಾಸಾಗರದ ಆಳದಿಂದ ಭಾರತ ಮೊದಲ ಬಾರಿ ಮ್ಯಾಂಗನೀಸ್ ಗಂಟುಗಳನ್ನು ಎತ್ತಿದ್ದು 1981ರ ಜನವರಿ 26ರಂದು, ‘ಗವೇಷಣಿ’ ಹಡಗಿನಿಂದ. ಈ ಗಂಟುಗಳು ಹತ್ತು ಲಕ್ಷ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್.

ಹೊರಗಿನ ಲೋಕದಲ್ಲಿ

● ರೋಡೋನೈಟ್‌ನ ಅತ್ಯುತ್ತಮ ಹರಳುಗಳು ಸಿಕ್ಕಿದ್ದು ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ, ಬೂದು ಬಣ್ಣದ ಸೀಸದ ಅದಿರಿನೊಳಗೆ ಹುದುಗಿದ ಕೆಂಪು ಪಾರದರ್ಶಕ ಹರಳುಗಳಾಗಿ. ಅಮೆರಿಕದ ಫ್ರಾಂಕ್ಲಿನ್ ಗಣಿಯ ರೋಡೋನೈಟ್‌ನಲ್ಲಿ ಸತುವೂ ಸೇರಿದೆ.

● ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ರೋಡೋನೈಟ್ ಅಧಿಕೃತ ರಾಜ್ಯರತ್ನ. 1979ರಿಂದ ಈ ಪಟ್ಟ.

● ರಷ್ಯನ್ನರಿಗೆ ಇದು ರಾಜಮನೆತನದ ಕಲ್ಲು. ಉರಾಲ್ ಪರ್ವತದಲ್ಲಿ, ಯೆಕಟೆರಿನ್‌ಬರ್ಗ್ ಹತ್ತಿರ, ದೊಡ್ಡ ದೊಡ್ಡ ಬಂಡೆಗಳಾಗಿಯೇ ಸಿಗುತ್ತದೆ. ತ್ಸಾರ್ ಎರಡನೇ ಅಲೆಕ್ಸಾಂಡರನ ರಾಣಿ ಮರಿಯಾಳ ಸಮಾಧಿಪೆಟ್ಟಿಗೆ ಸೇಂಟ್ ಪೀಟರ್ಸ್‌ಬರ್ಗ್‌ನ ಕ್ಯಾಥೆಡ್ರಲ್ಲಿನಲ್ಲಿದೆ. ಅದು ಪೂರಾ ರೋಡೋನೈಟ್‌ನದು. ಕೂರಿಸಿದ್ದು 1906ರಲ್ಲಿ. ಪಕ್ಕದಲ್ಲೇ ರಾಜನದ್ದು ಹಸಿರು ಜ್ಯಾಸ್ಪರ್ ಕಲ್ಲಿನದು.

● ಮಾಸ್ಕೋ ಮೆಟ್ರೊದಲ್ಲಿ ಓಡಾಡುವವರಿಗೆ ಇದು ದಿನನಿತ್ಯ ಕಾಣುವ ಕಲ್ಲು. 1938ರಲ್ಲಿ ತೆರೆದ ಮಾಯಕೋವ್‌ಸ್ಕಯಾ ನಿಲ್ದಾಣದ ಕಂಬಗಳಿಗೆ ರೋಡೋನೈಟ್ ಪಟ್ಟಿ ಕೂರಿಸಿದ್ದಾರೆ.

● ನೆಲದೊಳಗೆ ಲಕ್ಷಾಂತರ ವರ್ಷ ಹಿಡಿಯುವ ಕೆಲಸ ಕುಲುಮೆಯಲ್ಲಿ ದಿನವೊಪ್ಪತ್ತಿನಲ್ಲಿ ಆಗಿಬಿಡುವುದೂ ಉಂಟು. ಮ್ಯಾಂಗನೀಸ್, ಸಿಲಿಕಾ ಹೆಚ್ಚಿರುವ ಕಿಟ್ಟ ತಣಿದಾಗ ಅದರಲ್ಲಿ ರೋಡೋನೈಟ್ ಹರಳುಗಟ್ಟಿದ್ದು ಕಂಡುಬಂದಿದೆ.

ಗುಲಾಬಿಯೆಲ್ಲ ರೋಡೋನೈಟ್ ಅಲ್ಲ

● ಇಳಕಲ್ಲಿನ ಗುಲಾಬಿ ಗ್ರಾನೈಟ್‌ಗೂ ಮ್ಯಾಂಗನೀಸ್ ಸಿಲಿಕೇಟಿಗೂ ಸಂಬಂಧವಿಲ್ಲ. ಅಲ್ಲಿ ಬಣ್ಣ ಫೆಲ್ಡ್‌ಸ್ಪಾರ್ ಖನಿಜದ್ದು. ಕೈಯಲ್ಲಿ ಹಿಡಿದರೇ ವ್ಯತ್ಯಾಸ ತಿಳಿಯುತ್ತದೆ: ಫೆಲ್ಡ್‌ಸ್ಪಾರ್ ನೀರಿಗಿಂತ ಎರಡೂವರೆ ಪಟ್ಟು ಭಾರ, ರೋಡೋನೈಟ್ ಮೂರೂವರೆ ಪಟ್ಟು.

● ರೋಡೋಕ್ರೋಸೈಟ್ ಎಂಬ ಇನ್ನೊಂದು ಗುಲಾಬಿ ಖನಿಜ ಮ್ಯಾಂಗನೀಸ್ ಕಾರ್ಬೊನೇಟ್. ಅದು ಮೆದು, ಚಾಕುವಿನ ತುದಿಗೆ ಗೀರು ಬೀಳುತ್ತದೆ, ಬೆಚ್ಚಗಿನ ಹೈಡ್ರೊಕ್ಲೋರಿಕ್ ಆಮ್ಲಕ್ಕೆ ನೊರೆ ಬರುತ್ತದೆ. ರೋಡೋನೈಟ್‌ನ ಗಡಸುತನ 5.5ರಿಂದ 6.5, ಅದಕ್ಕೆ ಚಾಕು ಸುಲಭಕ್ಕೆ ನಾಟದು, ಆಮ್ಲ ಹಾಕಿದರೂ ನೊರೆ ಏಳದು.

● ಬೆಣಚುಕಲ್ಲಿನ ಗಡಸುತನ 7. ಗುಲಾಬಿ ಬೆಣಚು ರೋಡೋನೈಟ್ ಮೇಲೆ ಗೀರು ಹಾಕಬಲ್ಲದು, ರೋಡೋನೈಟ್ ಅದರ ಮೇಲೆ ಹಾಕಲಾರದು. ಒಡೆದು ನೋಡಿದರೂ ಗೊತ್ತಾಗುತ್ತದೆ: ರೋಡೋನೈಟ್ ಎರಡು ದಿಕ್ಕಿನಲ್ಲಿ, ಹೆಚ್ಚುಕಡಿಮೆ ಲಂಬಕೋನದಲ್ಲಿ, ಚಪ್ಪಟೆಯಾಗಿ ಸೀಳುತ್ತದೆ. ಬೆಣಚು ಹಾಗೆ ಸೀಳದು.

● ಮೇಳಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ರೋಡೋನೈಟ್ ಮಣಿಸರವನ್ನು ‘ಹೃದಯಕ್ಕೆ ಒಳ್ಳೆಯದು, ಮನಸ್ಸಿನ ಗಾಯ ಮಾಗಿಸುತ್ತದೆ’ ಎಂದು ಮಾರುವವರಿದ್ದಾರೆ. ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಚೆಂದಕ್ಕೆ ಹಾಕಿಕೊಳ್ಳಿ, ಔಷಧಿಯೆಂದು ದುಡ್ಡು ಕೊಡಬೇಡಿ.

● ಕೊನೆಯದಾಗಿ ಒಂದು ಮಾತು. ಬಾವಿ ತೋಡುವಾಗಲೋ ತೋಟದ ಬಸಿಗಾಲುವೆ ತೆಗೆಯುವಾಗಲೋ ಹೊರಗೆ ಕಪ್ಪು, ಒಳಗೆ ಗುಲಾಬಿಯ ತೂಕದ ಕಲ್ಲು ಸಿಕ್ಕರೆ ಎಸೆಯಬೇಡಿ. ಯಾವ ಜಾಗ, ಎಷ್ಟು ಆಳ ಎಂದು ಚೀಟಿಯಲ್ಲಿ ಬರೆದು ಕಲ್ಲಿನೊಂದಿಗೇ ಕಟ್ಟಿಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ, ಜಿಲ್ಲಾ ಕೇಂದ್ರದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯಿದೆ, ಅಲ್ಲಿ ತೋರಿಸಿ. ಸಿಕ್ಕ ಜಾಗ ತಿಳಿಯದ ಕಲ್ಲು ಷೋಕೇಸಿಗಷ್ಟೇ ಲಾಯಕ್ಕು, ಜಾಗ ತಿಳಿದ ಕಲ್ಲು ವಿಜ್ಞಾನಕ್ಕೆ ಸಾಕ್ಷಿ.