ಅಂಕಿ ಏರಿತು, ಅಂದರೆ ಕ್ಯಾನ್ಸರ್ ಹರಡಿತೇ?

ತಪ್ಪು ಕಲ್ಪನೆ: ಸ್ತನ ಕ್ಯಾನ್ಸರ್ ಆದವರಿಗೆ ಕೊಲೆಸ್ಟ್ರಾಲ್ ಏರಿದರೆ ರೋಗ ಹರಡುತ್ತಿದೆ ಎಂದರ್ಥ.

ವಾಸ್ತವ: ಅಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲ್ ಏರುತ್ತದೆ. ಕ್ಯಾನ್ಸರ್ ಇಲ್ಲದವರಲ್ಲೂ ಹೀಗೆಯೇ. ಮೂಳೆ, ಶ್ವಾಸಕೋಶ, ಯಕೃತ್ತು, ಮೆದುಳಿಗೆ ಹರಡಿದೆಯೇ ಎಂದು ಹೇಳಬೇಕಾದದ್ದು ಸ್ಕ್ಯಾನ್ ಮತ್ತು ಬಯಾಪ್ಸಿ, ರಕ್ತದ ಕೊಬ್ಬು ಅಳೆಯುವ ಲಿಪಿಡ್ ಪ್ರೊಫೈಲ್ ಅಲ್ಲ.

ತಪ್ಪು ಕಲ್ಪನೆ: ಹಾಗಿದ್ದರೆ ರಕ್ತದ ಕೊಬ್ಬಿಗೂ ಕ್ಯಾನ್ಸರಿಗೂ ಸಂಬಂಧವೇ ಇಲ್ಲ.

ವಾಸ್ತವ: ಇದೆ, ಕುತೂಹಲ ಕೆರಳಿಸುವಷ್ಟು ಇದೆ. ಕೊಲೆಸ್ಟ್ರಾಲನ್ನು ಒಡೆಯುವಾಗ ದೇಹ 27-ಹೈಡ್ರಾಕ್ಸಿಕೊಲೆಸ್ಟ್ರಾಲ್ ಎಂಬ ವಸ್ತುವನ್ನು ತಯಾರಿಸುತ್ತದೆ. ಅದು ಈಸ್ಟ್ರೋಜನ್‌ನಂತೆಯೇ ನಟಿಸಿ, ಜೀವಕೋಶದಲ್ಲಿ ಈಸ್ಟ್ರೋಜನ್ ಕೂರುವ ಗ್ರಾಹಕಕ್ಕೇ ಹೋಗಿ ಅಂಟುತ್ತದೆ. ಇಲಿಗಳಲ್ಲಿ ಇದು ಗೆಡ್ಡೆಯನ್ನು ಬೆಳೆಸಿ, ಶ್ವಾಸಕೋಶಕ್ಕೆ ಹರಡಲು ನೆರವಾಯಿತೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೊನಾಲ್ಡ್ ಮೆಕ್‌ಡೊನೆಲ್ ಅವರ ತಂಡ 2013ರಲ್ಲಿ ತೋರಿಸಿತು. ರೋಗನಿರೋಧಕ ಕೋಶಗಳ ವರ್ತನೆಯನ್ನೂ ಅದು ಬದಲಿಸಿ ಹರಡುವಿಕೆಗೆ ದಾರಿ ಮಾಡುತ್ತದೆ ಎಂಬುದು 2017ರ ಇನ್ನೊಂದು ಅಧ್ಯಯನದಲ್ಲಿ ಕಂಡಿತು. ಆದರೆ ಅದೂ ಇಲಿಗಳಲ್ಲೇ. ಪತ್ರಿಕೆಗಳ ತಲೆಬರಹಗಳಲ್ಲಿ ‘ಇಲಿ’ ಎಂಬ ಪದ ಮಾತ್ರ ಆಗಾಗ ಬಿಟ್ಟುಹೋಗುತ್ತದೆ.

ತಪ್ಪು ಕಲ್ಪನೆ: ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗಿದರೆ ಕ್ಯಾನ್ಸರ್ ಮರುಕಳಿಸುವುದಿಲ್ಲ.

ವಾಸ್ತವ: ಮುಟ್ಟು ನಿಂತ ಸುಮಾರು 8,000 ಮಹಿಳೆಯರಿದ್ದ ಬಿಐಜಿ 1-98 ಪ್ರಯೋಗದಲ್ಲಿ, ಹಾರ್ಮೋನ್ ಚಿಕಿತ್ಸೆಯ ಜೊತೆಗೆ ಕೊಲೆಸ್ಟ್ರಾಲ್ ಮಾತ್ರೆಯನ್ನೂ ಶುರುಮಾಡಿದವರಲ್ಲಿ ರೋಗ ಮರುಕಳಿಸಿದ್ದು ಕಡಿಮೆ. ಆದರೆ ಆ ಮಾತ್ರೆ ಯಾರಿಗೆ ಎಂದು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ, ಬೇಕಾದವರು ತೆಗೆದುಕೊಂಡಿದ್ದರು. ಆ ಗೊಂದಲ ಕಳೆಯಲೆಂದೇ ಡೆನ್ಮಾರ್ಕ್‌ನಲ್ಲಿ ಮಾಸ್ಟರ್ ಎಂಬ ಪ್ರಯೋಗ ಕೈಗೆತ್ತಿಕೊಂಡಿದ್ದಾರೆ: ಕೆಲವರಿಗೆ ಅಟೊರ್ವಾಸ್ಟಾಟಿನ್ ಎಂಬ ಸ್ಟ್ಯಾಟಿನ್, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. ಸದ್ಯಕ್ಕೆ ಸ್ಟ್ಯಾಟಿನ್ ಹೃದಯಕ್ಕಾಗಿ, ಕ್ಯಾನ್ಸರಿಗಾಗಿ ಅಲ್ಲ. ಅದೇನೂ ಸಣ್ಣ ಕಾರಣವಲ್ಲ; ಸ್ತನ ಕ್ಯಾನ್ಸರ್ ಗೆದ್ದ ಎಷ್ಟೋ ಹಿರಿಯ ಮಹಿಳೆಯರ ಜೀವ ಹೋಗುವುದು ಹೃದ್ರೋಗದಿಂದಲೇ.

ತಪ್ಪು ಕಲ್ಪನೆ: ತುಪ್ಪ, ಕೊಬ್ಬರಿ ಬಿಟ್ಟರೆ ಸಾಕು.

ವಾಸ್ತವ: ಅಷ್ಟು ಸುಲಭವಿಲ್ಲ. ಕೊಲೆಸ್ಟ್ರಾಲಿನ ಬಹುಪಾಲು ನಮ್ಮ ದೇಹದಲ್ಲೇ ತಯಾರಾಗುತ್ತದೆ. ತಟ್ಟೆಗಿಂತ ಸೊಂಟದ ಸುತ್ತಳತೆ ನೋಡಿಕೊಳ್ಳುವುದು ಲೇಸು. ಏಕೆಂದರೆ ಮುಟ್ಟು ನಿಂತ ಮೇಲೆ, ಗೆಡ್ಡೆಗೆ ಇಂಬು ಕೊಡಬಲ್ಲ ಈಸ್ಟ್ರೋಜನ್ ತಯಾರಿಸುವ ಮುಖ್ಯ ಜಾಗ ದೇಹದ ಕೊಬ್ಬಿನ ಕೋಶಗಳೇ.

ತಪ್ಪು ಕಲ್ಪನೆ: ಹಾರ್ಮೋನ್ ಚಿಕಿತ್ಸೆಯ ಮಾತ್ರೆ ಲೆಟ್ರೊಜೋಲ್ ಕೊಲೆಸ್ಟ್ರಾಲ್ ಏರಿಸುತ್ತಿದೆ, ನಿಲ್ಲಿಸಿಬಿಡೋಣ.

ವಾಸ್ತವ: ದಯವಿಟ್ಟು ಬೇಡ. ಅದೇ ಚಿಕಿತ್ಸೆಯ ಇನ್ನೊಂದು ಮಾತ್ರೆ ಟ್ಯಾಮೊಕ್ಸಿಫೆನ್ ಎಲ್‌ಡಿಎಲ್ ಇಳಿಸುವ ಗುಣದ್ದು. ಅದರಿಂದ ಲೆಟ್ರೊಜೋಲ್‌ಗೆ ಬದಲಾದಾಗ ಆ ಅನುಕೂಲ ತಪ್ಪಿ ಅಂಕಿ ಮೇಲೇರಬಹುದು. ಏರಿದ ಕೊಲೆಸ್ಟ್ರಾಲಿಗೆ ಬೇರೆ ಮದ್ದಿದೆ. ವರದಿ ಹಿಡಿದು ಕ್ಯಾನ್ಸರ್ ವೈದ್ಯರ ಬಳಿಗೇ ಹೋಗಿ, ಅಲ್ಲಿಯವರೆಗೂ ಮಾತ್ರೆಯನ್ನು ತಪ್ಪಿಸಬೇಡಿ.