ಕ್ಯಾಲೆಂಡರಿನಲ್ಲಿಲ್ಲದ ಹಬ್ಬ

ಹಬ್ಬದಡುಗೆಗೆ ಹಬ್ಬದ ದಿನವೇ ಆಗಬೇಕೆಂಬುದು ಸಾಮಾನ್ಯ ನಂಬಿಕೆ. ಆದರೆ ಗಲ್ಫಿನಿಂದ ಮಗ ರಜೆಯಲ್ಲಿ ಬಂದ ದಿನವೇ ಹಬ್ಬ ಮಾಡುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ? ಹೊಸಕ್ಕಿ ಊಟದ ಪಾಯಸ ಅಂತಹ ಮನೆಗಳಲ್ಲಿ ಏಪ್ರಿಲಿನಲ್ಲೂ ಕುದಿಯುವುದುಂಟು. ಅಮೆರಿಕದಲ್ಲಿಯೂ ಇಂತಹುದೇ ಒಂದು ಊಟಕ್ಕೆ ಕೈಜೋಡಿಸುವ ಅವಕಾಶ ಬೇಸಿಗೆ ರಜೆಯಲ್ಲಿ ನನಗೆ ಒದಗಿತು.

ಒಹಾಯೊ ರಾಜ್ಯದಲ್ಲಿ ನನ್ನ ತಂಗಿಯ ಮನೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಂಟಿಯಾಗಿದ್ದಾರೆ. ಅವರೇ ಸಾಕಿ ಬೆಳೆಸಿದ ಮೊಮ್ಮಗನಿಗೆ ನೌಕಾಪಡೆಯಲ್ಲಿ ಕೆಲಸ. ಜೂನಿನಲ್ಲಿ ಹಡಗು ಹತ್ತಿದರೆ ನವೆಂಬರಿಗೆ ಮನೆಗೆ ಬರುವಂತಿಲ್ಲ. ನವೆಂಬರ್ ಎಂದರೆ ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮಕ್ಕಳು ಮೊಮ್ಮಕ್ಕಳೆಲ್ಲ ಮನೆಗೆ ಬಂದು ಟರ್ಕಿ ಕೋಳಿಯ ಊಟ ಮಾಡುವ ದಿನ. "ನನ್ನ ವಯಸ್ಸಿನಲ್ಲಿ ಮುಂದಿನ ವರ್ಷವನ್ನು ನಂಬಿ ಕೂರಲಾದೀತೆ?" ಎಂದ ಅಜ್ಜಿ, ಮೇ ತಿಂಗಳಲ್ಲೇ ಹಬ್ಬ ಮಾಡಲು ಹೊರಟರು. ಅಷ್ಟು ದೊಡ್ಡ ಹಕ್ಕಿಯನ್ನು ಅವರೊಬ್ಬರೇ ಎತ್ತಿ ಇಳಿಸುವುದು ಕಷ್ಟ. "ಅಕ್ಕಾ, ನೀನೂ ಬಾ" ಎಂದು ತಂಗಿ ನನ್ನನ್ನು ಕರೆದೊಯ್ದಳು.

ದಿನ ಬದಲಿಸಿದವರಲ್ಲಿ ಅಜ್ಜಿಯೇ ಮೊದಲಿಗರಲ್ಲ. 1621ರಲ್ಲಿ ಪ್ಲಿಮತ್‌ಗೆ ಬಂದು ನೆಲೆಸಿದವರು ಸುಗ್ಗಿಯ ಊಟ ಮಾಡಿದಾಗ ಅದಕ್ಕೆ ಇಂತಹುದೇ ದಿನವೆಂಬ ನಿಯಮವಿರಲಿಲ್ಲ. 1863ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ಗೊತ್ತುಪಡಿಸಿದರು. 1939ರ ನವೆಂಬರಿನಲ್ಲಿ ಐದು ಗುರುವಾರಗಳು ಬಿದ್ದವು. ಕ್ರಿಸ್ಮಸ್ ವ್ಯಾಪಾರಕ್ಕೆ ದಿನಗಳು ಸಾಲವೆಂದು ವ್ಯಾಪಾರಿಗಳು ಮೊರೆಯಿಟ್ಟುದರಿಂದ ಅಧ್ಯಕ್ಷ ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಹಿಂದಕ್ಕೆಳೆದರು. ಕೆಲವು ರಾಜ್ಯಗಳು ಹೊಸ ದಿನ, ಕೆಲವು ಹಳೆಯ ದಿನ ಆಚರಿಸಿ ದೊಡ್ಡ ಗೊಂದಲವೇ ಆಯಿತು. ಕೊನೆಗೆ 1941ರಲ್ಲಿ ನಾಲ್ಕನೆಯ ಗುರುವಾರವೆಂದು ಕಾನೂನು ಬಂತು. ವ್ಯಾಪಾರಕ್ಕಾಗಿ ಹಬ್ಬ ಸರಿಯಬಹುದಾದರೆ ಮೊಮ್ಮಗನಿಗಾಗಿ ಸರಿಯಬಾರದೆ?

ಈ ಹಕ್ಕಿಯ ಹೆಸರಿನ ಕಥೆಯೂ ಸ್ವಾರಸ್ಯಕರ. ಇದರ ತವರು ಟರ್ಕಿಯಲ್ಲ, ಅಮೆರಿಕ ಖಂಡ. ಮೊದಲು ಸಾಕಿದವರಲ್ಲಿ ಮೆಕ್ಸಿಕೋದ ಮೂಲನಿವಾಸಿಗಳು ಸೇರಿದ್ದಾರೆ. ಹದಿನಾರನೆಯ ಶತಮಾನದಲ್ಲಿ ಯುರೋಪಿಗೆ ಹೋದಾಗ ಅಲ್ಲಿನವರು ಇದು ಇಂಡಿಯಾದ ಕೋಳಿಯೆಂದು ಭ್ರಮಿಸಿದರು. ಡಚ್ಚರು ಇಂದಿಗೂ ಇದನ್ನು 'ಕಾಲ್ಕೂನ್' ಎನ್ನುತ್ತಾರೆ. ಹಾಗೆಂದರೆ ಕಲ್ಲಿಕೋಟೆಯ ಕೋಳಿ! ಕಾಸರಗೋಡಿನಲ್ಲಿ ರೈಲು ಹತ್ತಿದರೆ ಸಿಗುವ ಅದೇ ಕಲ್ಲಿಕೋಟೆ. ಇದನ್ನು ಹೇಳಿದಾಗ ಅಜ್ಜಿ, "ಹಾಗಾದರೆ ನೀವು ಈ ಕೋಳಿಯ ಊರಿನ ಕಡೆಯವರು" ಎಂದು ನಕ್ಕು ಚೂರಿಯನ್ನು ನನ್ನ ಕೈಗಿತ್ತರು.

ಮೇ ತಿಂಗಳಲ್ಲಿ ತಾಜಾ ಟರ್ಕಿ ಸುಲಭದಲ್ಲಿ ಸಿಗದು; ಅಂಗಡಿಯ ಫ್ರೀಜರಿನಲ್ಲಿ ಕಲ್ಲಿನಂತೆ ಗಟ್ಟಿಯಾದದ್ದು ಸಿಕ್ಕಿತು. ತೂಕ ಹದಿನಾಲ್ಕು ಪೌಂಡು, ಅಂದರೆ ಸುಮಾರು 6.3 ಕಿಲೊ. ಇದನ್ನು ಹೊರಗಿಟ್ಟು ಕರಗಿಸಿದರೆ ಒಳಗೆ ಮಂಜುಗಡ್ಡೆಯಿರುವಾಗಲೇ ಹೊರಗಿನ ಮಾಂಸ ಕೆಡತೊಡಗುತ್ತದೆ. ಆದ್ದರಿಂದ ಫ್ರಿಜ್ಜಿನ ಕೆಳಹಲಗೆಯಲ್ಲಿ ಮೂರು ದಿನ ಇಟ್ಟೆವು. ನಾಲ್ಕೈದು ಪೌಂಡಿಗೆ ಒಂದು ದಿನವೆಂಬುದು ಲೆಕ್ಕ. ಹೊಟ್ಟೆಯೊಳಗೆ ಚೀಲದಲ್ಲಿ ಕಟ್ಟಿಟ್ಟ ಕುತ್ತಿಗೆ, ಲಿವರುಗಳನ್ನು ತೆಗೆದು, ಮೈಗೆ ಬೆಣ್ಣೆ, ಉಪ್ಪು, ಕಾಳುಮೆಣಸು ಸವರಿ ಓವನ್ನಿನಲ್ಲಿಟ್ಟದ್ದಾಯಿತು. 325 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಲ್ಲಿ ಮೂರೂವರೆ ಗಂಟೆ ಬೇಯಬೇಕು. ನಮ್ಮದು ಕೈಯಂದಾಜಿನ ಅಡುಗೆ, ಅಜ್ಜಿಯದು ಥರ್ಮಾಮೀಟರಿನದು. ತೊಡೆಯ ದಪ್ಪ ಭಾಗಕ್ಕೆ ಅದನ್ನು ಚುಚ್ಚಿ, 165 ಡಿಗ್ರಿ ತೋರಿಸಿದ ಮೇಲೆಯೇ ಹೊರತೆಗೆದರು. ಅರ್ಧ ಗಂಟೆ ಹಾಗೆಯೇ ಬಿಟ್ಟು ಕೊಯ್ದರೆ ರಸ ಮಾಂಸದಲ್ಲೇ ನಿಲ್ಲುತ್ತದೆ.

ಹೊಸ ಕ್ರಾನ್‌ಬೆರಿ ಹಣ್ಣು ಬರುವುದು ಸೆಪ್ಟೆಂಬರಿನ ನಂತರ. ಹಾಗಾಗಿ ಅದರ ಗೊಜ್ಜೂ ಕುಂಬಳಕಾಯಿಯ ಪೈಯೂ ಡಬ್ಬಿಯ ಸರಕಿನಿಂದಲೇ ಆದವು. ಆಲೂಗಡ್ಡೆ ಬೇಯಿಸಿ ನುರಿದೆವು. ಕಿಟಕಿಯಾಚೆ ಬೇಸಿಗೆಯ ಬಿಸಿಲು, ಒಳಗೆ ಓವನ್ನಿನ ಕಾವು. ಮೊಮ್ಮಗ ಮೂರು ಸಲ ಬಡಿಸಿಕೊಂಡ. ಅಜ್ಜಿ ತಾವು ಉಣ್ಣುವುದಕ್ಕಿಂತ ಅವನನ್ನು ನೋಡಿದ್ದೇ ಹೆಚ್ಚು.

ಐದು ಮಂದಿ ಉಂಡರೂ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಉಳಿದದ್ದು ಹಬ್ಬದ ಎರಡನೆಯ ಭಾಗವೆಂದು ಅಲ್ಲಿನವರು ತಿಳಿಯುತ್ತಾರೆ. ಕೋರಿರೊಟ್ಟಿಯ ಸಾರು ಮರುದಿನವೇ ಹೆಚ್ಚು ರುಚಿಯೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಗಂಟೆಯೊಳಗೆ ಎಲುಬಿನಿಂದ ಮಾಂಸ ಬಿಡಿಸಿ, ಆಳವಿಲ್ಲದ ಡಬ್ಬಿಗಳಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆವು. ಮೂರು ನಾಲ್ಕು ದಿನದೊಳಗೆ ಮುಗಿಸಬೇಕು. ಮರುದಿನ ತಂಗಿ ಕಾಯಿತುರಿ, ಮೆಣಸು, ಕೊತ್ತಂಬರಿ ಹುರಿದು ಸುಕ್ಕ ಮಾಡಿದಳು. ಮೊದಲೇ ಬೆಂದ ಮಾಂಸವಾದ್ದರಿಂದ ಮಸಾಲೆ ಪೂರ್ತಿ ಹದವಾದ ಮೇಲೆ ಹಾಕಿ, ಚೆನ್ನಾಗಿ ಬಿಸಿಯಾಗುವಷ್ಟೇ ಹೊತ್ತು ಮಗುಚಬೇಕು, ಇಲ್ಲವಾದರೆ ನಾರಾಗುತ್ತದೆ. ಅಜ್ಜಿ ನೀರು ಕುಡಿಯುತ್ತಲೇ ಎರಡು ಸಲ ಹಾಕಿಸಿಕೊಂಡರು.

ಮೂರನೆಯ ದಿನ ಬೆಳಗ್ಗೆ ಹುಡುಗ ಹೊರಟ. ದಾರಿಗೆಂದು ಅಜ್ಜಿ ಟರ್ಕಿ ಮತ್ತು ಕ್ರಾನ್‌ಬೆರಿ ಇಟ್ಟ ಎರಡು ಸ್ಯಾಂಡ್‌ವಿಚ್ ಕಟ್ಟಿಕೊಟ್ಟರು. ಅವನ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಒಳಬಂದು, ಒಂದು ಮಾತೂ ಆಡದೆ, ಎಲುಬುಗಳನ್ನು ನೀರುಳ್ಳಿ, ಕ್ಯಾರೆಟ್ಟಿನೊಂದಿಗೆ ದೊಡ್ಡ ಪಾತ್ರೆಯಲ್ಲಿ ಕುದಿಯಲಿಟ್ಟರು. ಸಂಜೆ ನಾವು ಮೂವರೂ ಆ ಸೂಪು ಕುಡಿದೆವು. ಮಿಕ್ಕ ಒಂದು ಡಬ್ಬಿಯನ್ನು ಅವರು ಫ್ರೀಜರಿಗೆ ಸೇರಿಸಿದರು. ಮುಚ್ಚಳದ ಮೇಲೆ 'ನವೆಂಬರ್' ಎಂದು ಬರೆದಿದ್ದರು.

ವಾಚಕರೇ, ನಿಮ್ಮ ಮನೆಯ ಮಗನೋ ಮಗಳೋ ಹಬ್ಬಕ್ಕೆ ಮೊದಲೇ ಹೊರಡುವುದಿದ್ದರೆ ದಿನ ನೋಡುತ್ತ ಕೂರಬೇಡಿ. ಒಲೆ ಹೊತ್ತಿಸಿ. ಉಳಿದದ್ದನ್ನು ಬುತ್ತಿ ಕಟ್ಟಿ ಕಳಿಸಿ.